ಕೈ ಬೇಡದ ಫೋನಿಗೆ ಬೇಕಾಗುವ ಕೈಗಳು

ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಕೊಟ್ಟಿಗೆ ಕೆಲಸ ಮುಗಿಸಿ ಕೈ ತೊಳೆದು ಬರುವ ಅಕ್ಕ, ಭಾವನನ್ನು ಮಗ್ಗುಲು ಹೊರಳಿಸಿ, ಬೆನ್ನಿಗೆ ದಿಂಬು ಕೊಟ್ಟು ಒರಗಿಸಿ ಕೂರಿಸಿದ ಮೇಲೆ ಮಾಡುವ ಮೊದಲ ಕೆಲಸವೆಂದರೆ, ಮಂಚದ ಕಂಬಿಗೆ ಬಿಗಿದಿರುವ ಸ್ಟ್ಯಾಂಡಿನ ಉದ್ದ ಕುತ್ತಿಗೆಯನ್ನು ಬಗ್ಗಿಸಿ ಫೋನನ್ನು ಅವರ ಮುಖದೆದುರು ತಂದು ನಿಲ್ಲಿಸುವುದು. ಹೇಳಿದಷ್ಟು ಸುಲಭದ ಕೆಲಸವಲ್ಲ ಅದು. ಫೋನು ಎರಡು ಬೆರಳಗಲ ಕೆಳಗಾದರೆ ಭಾವನ ಗದ್ದ ಎದೆಗೆ ಇಳಿದು ಕುತ್ತಿಗೆ ಸೋಲುತ್ತದೆ. ಮೇಲಾದರೆ ಕ್ಯಾಮೆರಾಕ್ಕೆ ಮೂಗಿನ ಹೊಳ್ಳೆಗಳ ಹೊರತು ಬೇರೇನೂ ಕಾಣುವುದಿಲ್ಲ. ಎಡಕ್ಕೆ ವಾಲಿದರೆ ಕಿಟಕಿಯ ಬೆಳಕು ಪರದೆಯ ಮೇಲೆ ಬಿದ್ದು ಎಲ್ಲವೂ ಬಿಳಿಚಿಕೊಳ್ಳುತ್ತದೆ. "ಇನ್ನೂ ಸ್ವಲ್ಪ, ಇನ್ನೂ... ಸಾಕು. ಹೆಚ್ಚಾಯಿತು ಮಾರಾಯ್ತಿ, ಹಿಂದೆ ತಾ" ಎಂದು ಅವರು ಹೇಳುವುದೂ, "ನಿನ್ನೆ ಇಲ್ಲೇ ಇತ್ತಲ್ಲ" ಎಂದು ಇವಳು ಗೊಣಗುವುದೂ ದಿನವೂ ನಡೆಯುತ್ತದೆ. ಇಷ್ಟಾದ ಮೇಲೆ ಭಾವ ಸಂಜೆಯವರೆಗೆ ಕೈಯಿಲ್ಲದೆ ಫೋನು ಬಳಸುತ್ತಾರೆ.

ಕೈ ಬಳಸದೆ ನಡೆಯುವ ಸಾಧನ ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಅಕ್ಕನ ಆ ಎರಡು ಕೈಗಳು. ಈ ಐದು ವರ್ಷಗಳಲ್ಲಿ ಅಂಥ ಸಾಧನಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಕೆಲವನ್ನು ತರಿಸಿ ಹಾಕಿ ನೋಡಿದ್ದೇನೆ, ಒಂದೆರಡರಲ್ಲಿ ದುಡ್ಡು ಕಳೆದುಕೊಂಡೂ ಇದ್ದೇನೆ. ಅವುಗಳಲ್ಲಿ ಒಂದಾದರೂ ತಾನಾಗಿ ಬಂದು ರೋಗಿಯ ಎದುರು ನಿಂತುಕೊಂಡದ್ದನ್ನು ನಾನು ಕಂಡಿಲ್ಲ.

ಸಿದ್ದಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಭಾವನಿಗೆ ಎರಡು ಎಕರೆ ಅಡಿಕೆ ತೋಟವಿದೆ. ಐದು ವರ್ಷಗಳ ಹಿಂದಿನ ಡಿಸೆಂಬರಿನಲ್ಲಿ, ಬರುತ್ತೇನೆಂದಿದ್ದ ಕೊನೆಗೌಡ, ಅಂದರೆ ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವನು, ಎರಡು ದಿನ ಕಾದರೂ ಬಾರದೆ, ಹಣ್ಣಾಗಿ ಉದುರತೊಡಗಿದ ಅಡಿಕೆಯನ್ನು ನೋಡುತ್ತ ಕೂರಲಾರದೆ ಅವರೇ ಮರ ಹತ್ತಿದರು. ಹರೆಯದಲ್ಲಿ ಹತ್ತಿ ಅಭ್ಯಾಸವಿದ್ದವರು. ಒಂದು ಮರದ ತಲೆಯಿಂದ ಇನ್ನೊಂದಕ್ಕೆ ದಾಟುವಾಗ ಕೈ ಜಾರಿತು. ಅಡಿಕೆ, ತೆಂಗು ಬೆಳೆಯುವ ನಮ್ಮ ಸೀಮೆಯಲ್ಲಿ ಇದು ಅಪರೂಪದ ಸುದ್ದಿಯೇನಲ್ಲ. ಬೆನ್ನುಹುರಿಗೆ ಪೆಟ್ಟಾದವರ ವಾರ್ಡಿನಲ್ಲಿ ಮರದಿಂದ ಬಿದ್ದವರೂ ಬೈಕಿನಿಂದ ಬಿದ್ದವರೂ ಅಕ್ಕಪಕ್ಕದ ಮಂಚಗಳಲ್ಲಿರುತ್ತಾರೆ.

ಕುತ್ತಿಗೆಯ ಭಾಗದಲ್ಲಿ ಬೆನ್ನುಹುರಿಯಿಂದ ಹೊರಡುವ ನರಗಳಿಗೆ ವೈದ್ಯರು ಸಿ1ರಿಂದ ಸಿ8ರವರೆಗೆ ಹೆಸರಿಡುತ್ತಾರೆ, ಮತ್ತು ಆ ಎಂಟರಲ್ಲಿ ಎಲ್ಲಿಯವರೆಗೆ ಸಂಪರ್ಕ ಉಳಿದಿದೆ ಎನ್ನುವುದರ ಮೇಲೆ ಮುಂದಿನ ಬದುಕೆಲ್ಲ ನಿಂತಿರುತ್ತದೆ. ಸಿ6ರವರೆಗೆ ಉಳಿದಿದ್ದರೆ ಮಣಿಕಟ್ಟನ್ನು ಮೇಲೆತ್ತಬಹುದು. ಹಾಗೆ ಎತ್ತಿದಾಗ ಬೆರಳುಗಳು ತಾವಾಗಿ ಒಳಕ್ಕೆ ಮಡಿಚಿಕೊಳ್ಳುವುದರಿಂದ ಹಗುರಾದ ಲೋಟವನ್ನು ಹಿಡಿಯುವುದೂ ಸಾಧ್ಯ. ಸಿ5 ಆದರೆ ಮೊಣಕೈ ಮಡಚಬಹುದು, ಅಂಗೈಗೆ ಪಟ್ಟಿ ಕಟ್ಟಿ ಚಮಚ ಸಿಕ್ಕಿಸಿಕೊಟ್ಟರೆ ತುತ್ತು ಬಾಯಿಗೆ ಹೋಗುತ್ತದೆ. ಭಾವನದು ಸಿ4. ಕುತ್ತಿಗೆ ತಿರುಗುತ್ತದೆ, ಭುಜ ಕುಣಿಸಬಹುದು, ಎದೆ-ಹೊಟ್ಟೆಗಳ ನಡುವಿನ ಉಸಿರಾಟದ ಸ್ನಾಯುವಾದ ವಪೆ ಕೆಲಸ ಮಾಡುವುದರಿಂದ ಉಸಿರಾಟಕ್ಕೆ ಯಂತ್ರ ಬೇಕಿಲ್ಲ. ಅದರ ಕೆಳಗೆ ಏನೂ ಇಲ್ಲ. ಪೆಟ್ಟು ಒಂದು ಬೆರಳಗಲ ಕೆಳಗಾಗಿದ್ದರೆ ತಮ್ಮ ಎಲೆಯಡಿಕೆಯ ಕವಳವನ್ನು ತಾವೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು ಎಂಬ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದ್ದೇನೋ.

ಅಂಗವಿಕಲರಿಗೆ ಸಾಧನ ಕೊಡುವ ಕಚೇರಿಯೊಂದಕ್ಕೆ ನಾವು ಅರ್ಜಿ ಹಾಕಿದಾಗ ಬಂದ ಉತ್ತರ, ಮೂರು ಚಕ್ರದ ಸೈಕಲ್ಲು ಸಿಗುತ್ತದೆ ಎಂದು. ಅದನ್ನು ಕೈಯಿಂದ ತುಳಿಯಬೇಕಲ್ಲ ಎಂದು ಅಕ್ಕ ಕೇಳಿದಳು. ಮೇಜಿನ ಆಚೆಗಿದ್ದವರು ಕಡತದಿಂದ ತಲೆ ಎತ್ತದೆಯೇ, "ಬ್ಯಾಟರಿಯದೂ ಇದೆಯಮ್ಮಾ, ಹ್ಯಾಂಡಲ್ ಹಿಡಿದರೆ ಸಾಕು" ಎಂದರಂತೆ.

ಬೆಂಗಳೂರಿನ ಪುನರ್ವಸತಿ ಕೇಂದ್ರವೊಂದರಲ್ಲಿ ಭಾವ ಎರಡು ತಿಂಗಳಿದ್ದರು. ಅವರ ಪಕ್ಕದ ಮಂಚದಲ್ಲಿ ಕುಮಟಾ ಕಡೆಯ ನಿವೃತ್ತ ಮಾಸ್ತರರೊಬ್ಬರಿದ್ದರು. ಮೆದುಳಿನ ಕಾಂಡದಲ್ಲಿ ರಕ್ತ ಹೆಪ್ಪುಗಟ್ಟಿ ಅವರ ದೇಹ ಪೂರ್ತಿ ಸ್ತಬ್ಧವಾಗಿತ್ತು; ಅರಿವು ಮಾತ್ರ ಒಂದಿಷ್ಟೂ ಮಸುಕಾಗಿರಲಿಲ್ಲ. ಉಳಿದ ಚಲನೆ ಎರಡೇ. ಹೌದು ಎನ್ನಲು ರೆಪ್ಪೆ ಮುಚ್ಚುತ್ತಿದ್ದರು, ಅಲ್ಲ ಎನ್ನಲು ಕಣ್ಣು ಮೇಲಕ್ಕೆತ್ತುತ್ತಿದ್ದರು. ಫ್ರಾನ್ಸಿನ ಪತ್ರಿಕಾ ಸಂಪಾದಕ ಜ್ಯಾಂ-ದೊಮಿನಿಕ್ ಬೋಬಿ 1995ರಲ್ಲಿ ಇದೇ ಸ್ಥಿತಿಗೆ ಬಂದು, ಎಡಗಣ್ಣಿನ ರೆಪ್ಪೆಯೊಂದರಿಂದಲೇ ಒಂದು ಪುಸ್ತಕ ಬರೆಸಿದ್ದು ಹಲವರಿಗೆ ಗೊತ್ತಿರಬಹುದು. ಅವರೆದುರು ಫ್ರೆಂಚ್ ಅಕ್ಷರಗಳನ್ನು ಹೆಚ್ಚು ಬಳಕೆಯಾಗುವುದು ಮೊದಲು ಬರುವಂತೆ ಓದಲಾಗುತ್ತಿತ್ತು. ಮಾಸ್ತರರ ಮಗಳಿಗೆ ಬೋಬಿಯ ಹೆಸರೂ ಗೊತ್ತಿರಲಿಲ್ಲ. ಅವಳು ಹಿಡಿದದ್ದು ಒಂದನೇ ತರಗತಿಯ ವರ್ಣಮಾಲೆಯನ್ನು.

ಅವಳು ಕಂಡುಕೊಂಡದ್ದು ಎಂಥ ವಿಷಯವೆಂದು ನನಗೆ ಅರ್ಥವಾಗಲು ವರ್ಷವೇ ಬೇಕಾಯಿತು. ನಮ್ಮ ವರ್ಗೀಯ ವ್ಯಂಜನಗಳು ಐದೈದರ ಐದು ಸಾಲು. ಒಂದೇ ಗುಂಡಿಯಿಂದ ಕಂಪ್ಯೂಟರ್ ನಡೆಸುವವರಿಗಾಗಿ ತಂತ್ರಜ್ಞರು ರೂಪಿಸಿದ ಪರದೆಯೂ ಹೀಗೆಯೇ ಇರುತ್ತದೆ: ಮೊದಲು ಸಾಲುಗಳು ಒಂದೊಂದಾಗಿ ಬೆಳಗುತ್ತವೆ, ಸಾಲನ್ನು ಆರಿಸಿದರೆ ಅದರೊಳಗಿನ ಅಕ್ಷರಗಳು ಒಂದೊಂದಾಗಿ ಬೆಳಗುತ್ತವೆ. ಇಂಗ್ಲಿಷ್ ಅಕ್ಷರಗಳನ್ನು ಹಾಗೆ ಚೌಕಕ್ಕೆ ಕೂರಿಸಲು ಯಾರೋ ಕುಳಿತು ಯೋಚಿಸಬೇಕು. ನಮ್ಮವರು ಉಚ್ಚಾರಣೆಯ ಸ್ಥಾನ ನೋಡಿ ಜೋಡಿಸಿಟ್ಟದ್ದು ಈ ಕೆಲಸಕ್ಕೂ ಒದಗಿತು. ನೀರು ಎಂಬ ಪದವನ್ನೇ ನೋಡಿ. ಕಕಾರದಿಂದ ನೇರವಾಗಿ ಹೇಳುತ್ತ ಹೋದರೆ ನ ಇಪ್ಪತ್ತನೆಯದು, ರ ಇಪ್ಪತ್ತೇಳನೆಯದು. ಸ್ವರಗಳಲ್ಲಿ ಈ ನಾಲ್ಕನೆಯದು, ಉ ಐದನೆಯದು. ಒಟ್ಟು 56 ಸಲ ಬಾಯಿ ತೆರೆಯಬೇಕು. "ಕ ಸಾಲಾ? ಚ ಸಾಲಾ? ಟ? ತ?" ಎಂದು ಸಾಲು ಹಿಡಿದು ಕೇಳಿದರೆ 26ಕ್ಕೆ ಮುಗಿಯುತ್ತದೆ. ಆ ಹುಡುಗಿ ವಾರದೊಳಗೆ ತ ಸಾಲನ್ನು ಎಲ್ಲಕ್ಕಿಂತ ಮೊದಲಿಗೂ ಯ ಸಾಲನ್ನು ಎರಡನೆಯದಾಗಿಯೂ ತಂದು, ಮಹಾಪ್ರಾಣಗಳನ್ನು ಕೊನೆಗೆ ತಳ್ಳಿ, ಅದನ್ನು 17ಕ್ಕೆ ಇಳಿಸಿದ್ದಳು. ಒತ್ತಕ್ಷರ ಬಂದಾಗ ಹಾಸಿಗೆಯ ಅಂಚನ್ನು ತಟ್ಟಿ "ಒತ್ತಾ?" ಎನ್ನುತ್ತಿದ್ದಳು.

ಪದ ಪೂರ್ತಿಯಾಗುವ ಮುಂಚೆಯೇ ಊಹಿಸುವುದರಲ್ಲೂ ಅವಳು ಚುರುಕು. ಒಂದು ಮಧ್ಯಾಹ್ನ ಮಾಸ್ತರರು ನೀರು ಎನ್ನುವಷ್ಟು ಹೇಳಿದೊಡನೆ ಹತ್ತಿ ಅದ್ದಿ ತುಟಿ ಒದ್ದೆ ಮಾಡಿದಳು. ಅವರು ಕಣ್ಣು ಮೇಲಕ್ಕೆತ್ತಿದರು. ಕೊಳವೆಯಲ್ಲಿ ನೀರು ಬಿಟ್ಟಳು. ಮತ್ತೆ ಮೇಲಕ್ಕೆತ್ತಿದರು. ದಾದಿಯನ್ನು ಕರೆದಳು, ಜ್ವರ ನೋಡಿದ್ದಾಯಿತು. ಅರ್ಧ ಗಂಟೆಯ ನಂತರ, ಅತ್ತು ಮುಗಿಸಿ ಪುನಃ ಕುಳಿತು ಸಾಲು ಕೇಳಿದಾಗ ಉಳಿದ ಅಕ್ಷರಗಳು ಬಂದವು: ನೀರುಳ್ಳಿ. ಊರಿನಲ್ಲಿ ಹೆದ್ದಾರಿಯ ಪಕ್ಕದ ಗದ್ದೆಯಲ್ಲಿ ಹಾಕಿದ್ದ ನೀರುಳ್ಳಿಯನ್ನು ಕಿತ್ತರೋ ಇಲ್ಲವೋ ಎಂದು ಅವರಿಗೆ ತಿಳಿಯಬೇಕಿತ್ತು. ಫೋನು ಇಂದು ನಾವು ಟೈಪ್ ಮಾಡುತ್ತಿರುವಾಗ ಮುಂದಿನ ಪದವನ್ನು ತಾನೇ ಸೂಚಿಸಿದಾಗಲೆಲ್ಲ ನನಗೆ ಆ ನೀರುಳ್ಳಿಯ ನೆನಪಾಗುತ್ತದೆ. ನಮಗಾದರೆ ತಪ್ಪು ಸೂಚನೆಯನ್ನು ಕಡೆಗಣಿಸಲು ಅರೆ ಕ್ಷಣ ಸಾಕು. ಅವರಿಗೆ ಅರ್ಧ ಗಂಟೆ ಹಿಡಿಯಿತು.

ಒಂದು ಸಂಕೇತ ಉಳಿದಿದ್ದರೆ ಸಾಕು, ಅದರಿಂದ ಏನನ್ನಾದರೂ ನಡೆಸಬಹುದು ಎನ್ನುವುದು ಈ ಕ್ಷೇತ್ರದ ಮೂಲಸೂತ್ರ. ಅದಕ್ಕೆ ಅರುವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಲುಡ್ವಿಗ್ ಗುಟ್‌ಮನ್ 1944ರಲ್ಲಿ ಬೆನ್ನುಹುರಿಯ ಗಾಯಾಳುಗಳಿಗೆಂದೇ ಒಂದು ವಿಭಾಗ ತೆರೆದಿದ್ದರು; ಇಂದಿನ ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೂ ಅದರ ಅಂಗಳದಲ್ಲೇ. ಅಲ್ಲಿಗೆ ರೋಗಿಗಳನ್ನು ಮಾತನಾಡಿಸಲು ಬರುತ್ತಿದ್ದ ರೆಜ್ ಮೇಲಿಂಗ್ ಎಂಬವರು, ಕೈಕಾಲು ಬಾರದವರಿಗೆ ದಾದಿಯನ್ನು ಕರೆಯಲು ಬಾಯಿಯ ಬಳಿಯ ಸೀಟಿಯೊಂದನ್ನು ಬಿಟ್ಟರೆ ಬೇರೆ ದಾರಿಯಿಲ್ಲದ್ದನ್ನು ಕಂಡು, 1960ರಲ್ಲಿ ಉಸಿರಿನಿಂದ ನಡೆಯುವ ಯಂತ್ರವೊಂದನ್ನು ಕಟ್ಟಿದರು. ಕೊಳವೆಯನ್ನು ಊದಿದರೆ ಒಂದು ಕೆಲಸ, ಹೀರಿದರೆ ಇನ್ನೊಂದು. ದೀಪ ಹಚ್ಚುವುದು, ಗಂಟೆ ಬಾರಿಸುವುದು, ಟೈಪ್‌ರೈಟರ್ ಒತ್ತುವುದು ಎಲ್ಲವೂ ಅದರಿಂದಲೇ. ಅದರ ಹೆಸರು ಪಾಸಮ್. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ನನ್ನಿಂದಾಗುತ್ತದೆ ಎಂದು ಅರ್ಥ.

ಸ್ಟೀಫನ್ ಹಾಕಿಂಗ್ 1985ರಲ್ಲಿ ಗಂಟಲಿಗೆ ರಂಧ್ರ ಮಾಡಿದ ಶಸ್ತ್ರಚಿಕಿತ್ಸೆಯಿಂದ ಮಾತು ಕಳೆದುಕೊಂಡಾಗ, ಮೊದಲಿಗೆ ಯಾರಾದರೂ ಅಕ್ಷರದ ಹಲಗೆಯ ಮೇಲೆ ಬೆರಳಿಟ್ಟಾಗ ಹುಬ್ಬೇರಿಸುತ್ತಿದ್ದರು. ಆಮೇಲೆ ಕೈಯಲ್ಲೊಂದು ಗುಂಡಿ ಬಂತು. ಕೈಯೂ ಸೋತಾಗ ಕನ್ನಡಕಕ್ಕೆ ಅಂಟಿಸಿದ ಅವಗೆಂಪು ಸಂವೇದಕ ಕೆನ್ನೆಯ ಸ್ನಾಯುವಿನ ಮಿಡಿತವನ್ನು ಗುರುತಿಸತೊಡಗಿತು. ಇಂಟೆಲ್ ಕಂಪನಿ ಅವರಿಗಾಗಿ ರೂಪಿಸಿದ ತಂತ್ರಾಂಶವನ್ನು 2015ರಲ್ಲಿ ಎಲ್ಲರೂ ಬಳಸಲೆಂದು ಮುಕ್ತವಾಗಿ ಬಿಟ್ಟಿತು. ಅದು ನಿಜಕ್ಕೂ ದೊಡ್ಡ ಉಪಕಾರ. ಆದರೆ ಹಾಕಿಂಗ್ ಅವರ ಬಳಿ ಹಗಲಿರುಳು ದಾದಿಯರಿದ್ದರು, ಯಂತ್ರವನ್ನು ಸುಸ್ಥಿತಿಯಲ್ಲಿಡಲು ಒಬ್ಬ ತಾಂತ್ರಿಕ ಸಹಾಯಕರಿದ್ದರು ಎನ್ನುವುದನ್ನು ಅವರ ಕೆನ್ನೆಯ ಬಗ್ಗೆ ಬರೆಯುವವರು ಅಷ್ಟಾಗಿ ಬರೆಯುವುದಿಲ್ಲ. ತಂತ್ರಾಂಶ ಮುಕ್ತವಾಗಿ ಸಿಗುತ್ತದೆ, ಸಹಾಯಕರು ಸಿಗುವುದಿಲ್ಲ.

ಭಾವನಿಗೆ ಮಾತಿದೆಯಲ್ಲ, ಧ್ವನಿಯಿಂದಲೇ ಫೋನು ನಡೆಸಬಹುದು ಎಂದು ನಾನು ಆರಂಭದಲ್ಲಿ ಬೀಗಿದ್ದೆ. ಪಕ್ಕೆಲುಬುಗಳ ನಡುವಿನ ಸ್ನಾಯುಗಳು ಕೆಲಸ ಮಾಡದವರ ಉಸಿರು ಚಿಕ್ಕದು, ದನಿ ತಗ್ಗು, ಒಂದು ವಾಕ್ಯಕ್ಕೆ ಎರಡು ಕಡೆ ನಿಲ್ಲಬೇಕಾಗುತ್ತದೆ ಎನ್ನುವುದು ಆಗ ನನ್ನ ಗಮನಕ್ಕೆ ಬಂದಿರಲಿಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗಲೆಲ್ಲ, ಮಾತು ಮುಗಿಯಿತೆಂದು ತಿಳಿದು ಫೋನು ಕಿವಿ ಮುಚ್ಚಿಕೊಳ್ಳುತ್ತಿತ್ತು. ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಸೌಲಭ್ಯ ಬಂದು ವರ್ಷಗಳಾಗಿದ್ದವು, ಅದು ಬಹುಮಟ್ಟಿಗೆ ಚೆನ್ನಾಗಿಯೇ ಇದೆ. ಆದರೆ ಮೇಲೆ ಹೋಗು, ಹಿಂದೆ ಬಾ, ಮೂರನೆಯದನ್ನು ಒತ್ತು ಎಂಬ ಆಜ್ಞೆಗಳನ್ನು ನಮ್ಮ ಫೋನಿಗೆ ಇಂಗ್ಲಿಷಿನಲ್ಲೇ ಹೇಳಬೇಕಿತ್ತು. ಐವತ್ತೆರಡನೆಯ ವಯಸ್ಸಿನಲ್ಲಿ ಭಾವ "ಸ್ಕ್ರೋಲ್ ಡೌನ್" ಕಲಿತರು. ಬರೆದುಕೊಳ್ಳುವಾಗಿನ ತಮಾಷೆ ಬೇರೆ. ಸೊಸೈಟಿಗೆ ಸಂದೇಶ ಕಳಿಸಲು ಚಾಲಿಗೆ (ಒಣಗಿಸಿ ಸುಲಿದ ಹಣ್ಣಡಿಕೆಗೆ) ಎಷ್ಟು ರೇಟು ಎಂದು ಅವರು ಕೇಳಿದರೆ, ಖಾಲಿಗೆ ಎಷ್ಟು ರೇಟು ಎಂದು ಹೋಗುತ್ತಿತ್ತು. ಜೂನ್ ಬಂತೆಂದರೆ ಅದೂ ಇಲ್ಲ. ತಗಡಿನ ಮಾಡಿನ ಮೇಲೆ ನಮ್ಮ ಕಡೆಯ ಮಳೆ ಬೀಳುವಾಗ ಎದುರು ಕೂತವರ ಮಾತೇ ಕೇಳಿಸುವುದಿಲ್ಲ, ಇನ್ನು ಫೋನಿಗೇನು ಕೇಳಿಸೀತು.

ಮುಖದ ಚಲನೆಯಿಂದ ನಡೆಸುವ ಏರ್ಪಾಡು 2021ರಿಂದ ಆಂಡ್ರಾಯ್ಡ್ ಫೋನುಗಳಲ್ಲೇ ಬರುತ್ತಿದೆ. ನಗುವುದು, ಹುಬ್ಬೇರಿಸುವುದು, ಬಾಯಿ ತೆರೆಯುವುದು, ಎಡಕ್ಕೆ, ಬಲಕ್ಕೆ ಅಥವಾ ಮೇಲಕ್ಕೆ ನೋಡುವುದು: ಈ ಆರರಲ್ಲಿ ಯಾವುದಕ್ಕೆ ಯಾವ ಕೆಲಸವೆಂದು ನಾವೇ ಗೊತ್ತುಮಾಡಿಡಬಹುದು. ಬಾಯಿ ತೆರೆದರೆ ಆಯ್ಕೆ, ನಕ್ಕರೆ ಹಿಂದಕ್ಕೆ ಎಂದು ಇಟ್ಟೆವು. ಊಟದ ನಂತರ ಅಕ್ಕ ಕವಳ ಮಾಡಿ ಬಾಯಿಗಿಟ್ಟಳು. ಅವರು ಅಗಿದ ಹಾಗೆಲ್ಲ ಫೋನಿನಲ್ಲಿ ಒಂದೊಂದೇ ಕಿಟಕಿ ತೆರೆದುಕೊಳ್ಳತೊಡಗಿತು. ಅದನ್ನು ನೋಡಿ ಅವರಿಗೆ ನಗು ಬಂದು ಎಲ್ಲವೂ ಹಿಂದಕ್ಕೆ ಹೋಯಿತು. ಕೊನೆಗೆ ಹುಬ್ಳಿಯ ಯಾರೋ ಗೊಬ್ಬರದ ವ್ಯಾಪಾರಿಗೆ ಕರೆ ಹೋಗಿ, ಭಾವ ಬಾಯ್ತುಂಬ ಕವಳವಿಟ್ಟುಕೊಂಡು ಅವರಿಗೆ ಉತ್ತರ ಕೊಡಬೇಕಾಯಿತು. ಕವಳ ಬಿಡುವುದೋ ಫೋನು ಬಿಡುವುದೋ ಎಂಬ ಪ್ರಶ್ನೆಗೆ ಅವರ ಉತ್ತರ ಏನಿತ್ತೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಈಗ ಆಯ್ಕೆಗೆ ಹುಬ್ಬು ಇದೆ.

ಕಣ್ಣಿನ ದೃಷ್ಟಿಯಿಂದಲೇ ನಡೆಸುವುದು ಇದಕ್ಕಿಂತ ಸೂಕ್ಷ್ಮ. ಕಣ್ಣು ಇರುವುದು ನೋಡುವುದಕ್ಕೆ, ಒತ್ತುವುದಕ್ಕಲ್ಲ. ನೋಡಿದ್ದನ್ನೆಲ್ಲ ಯಂತ್ರ ಒತ್ತುತ್ತ ಹೋದರೆ ಅದು ಭಸ್ಮಾಸುರನ ಕೈಯಂತಾಗುತ್ತದೆ. ಆದ್ದರಿಂದ ಇಂತಿಷ್ಟು ಹೊತ್ತು ದಿಟ್ಟಿಸಿದರೆ ಮಾತ್ರ ಆಯ್ಕೆ ಎಂಬ ನಿಯಮ ಮಾಡಿರುತ್ತಾರೆ. ಆ ಹೊತ್ತು ಹೆಚ್ಚಾದರೆ ಕಣ್ಣುರಿ, ಕಡಿಮೆಯಾದರೆ ಭಸ್ಮ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರದೀಪ್ತ ಬಿಸ್ವಾಸ್ ಅವರ ತಂಡ ಸಾಮಾನ್ಯ ವೆಬ್ ಕ್ಯಾಮೆರಾದಿಂದ ದೃಷ್ಟಿಯನ್ನು ಗುರುತಿಸಿ ರೋಬೋ ತೋಳೊಂದನ್ನು ನಡೆಸುವ ವ್ಯವಸ್ಥೆಯನ್ನು, ಚೆನ್ನೈನ ವಿದ್ಯಾಸಾಗರ್ ಸಂಸ್ಥೆಯ ಮಾತು ಮತ್ತು ಚಲನೆ ಎರಡೂ ಕಷ್ಟವಾದ ಯುವಜನರೊಂದಿಗೆ ಸೇರಿ ರೂಪಿಸಿದೆ. ದುಬಾರಿ ಉಪಕರಣವಿಲ್ಲದೆ, ನಮ್ಮವರ ಮುಖಗಳ ಮುಂದೆಯೇ ಪರೀಕ್ಷಿಸಿ ಮಾಡಿದ ಕೆಲಸವೆಂದು ನನಗೆ ಅದರ ಮೇಲೆ ವಿಶೇಷ ಅಭಿಮಾನ.

ಇಷ್ಟೆಲ್ಲದರ ಮಧ್ಯೆ ಭಾವ ಅತಿ ಹೆಚ್ಚು ಬಳಸುವ ಸಾಧನ ಯಾವುದೆಂದು ಹೇಳಿದರೆ ನಗುತ್ತೀರಿ: ಹಲ್ಲಿನಲ್ಲಿ ಕಚ್ಚಿ ಹಿಡಿಯುವ ಒಂದು ಬಿದಿರು ಕಡ್ಡಿ. ಒಂದಡಿಗಿಂತ ಸ್ವಲ್ಪ ಉದ್ದ, ಪೆನ್ಸಿಲ್ಲಿಗಿಂತ ತೆಳು. ತುದಿಗೆ ಫೋನಿನ ಪೆನ್ನಿನ ಕಪ್ಪು ರಬ್ಬರನ್ನು ಸಿಕ್ಕಿಸಿದ್ದೇವೆ. ಮೊದಲ ಸಲ ಮಾಡಿದಾಗ ಎಷ್ಟು ತಟ್ಟಿದರೂ ಪರದೆ ಅಲುಗಲಿಲ್ಲ. ಕೈಯಲ್ಲಿ ಹಿಡಿದು ತಟ್ಟಿದರೂ ಇಲ್ಲ. ಊರಿನ ವಯರಿಂಗ್ ಹುಡುಗ ಬಂದು ನೋಡಿ, "ಇದಕ್ಕೆ ಮೈಯ ಸಂಪರ್ಕ ಬೇಕು ಸಾರ್, ಬಿದಿರಿನಲ್ಲಿ ಕರೆಂಟು ಹರಿಯುವುದಿಲ್ಲ" ಎಂದ. ಹಳೆಯ ವಯರಿನಿಂದ ಕೂದಲಿನಂಥ ತಾಮ್ರದ ಎಳೆ ಬಿಡಿಸಿ, ರಬ್ಬರಿನ ಒಳಗಿನಿಂದ ಕಡ್ಡಿಯ ಉದ್ದಕ್ಕೂ ಸುತ್ತಿ, ತುಟಿ ತಾಗುವ ಜಾಗದವರೆಗೆ ತಂದು ಬಿಟ್ಟ. ಭಾವ ಕಚ್ಚಿ ಹಿಡಿದು ತಟ್ಟಿದರು, ಪರದೆ ತೆರೆಯಿತು. ಆಮೇಲೆ ಮುಂದಿನ ಹಲ್ಲುಗಳು ನೋಯತೊಡಗಿದಾಗ, ಭಾರ ದವಡೆ ಹಲ್ಲಿನವರೆಗೆ ಹಂಚಿಹೋಗುವಂತೆ ಅಗಲವಾದ ಕಚ್ಚುಪಟ್ಟಿಯನ್ನು ದಂತವೈದ್ಯರಿಂದ ಮಾಡಿಸಿದೆವು.

ಆ ಕಡ್ಡಿಯಿಂದ ಅವರು ಮಾಡಿದ ಮೊದಲ ದೊಡ್ಡ ಕೆಲಸ ಬ್ಯಾಂಕಿನ ಪಿನ್ ಬದಲಿಸಿದ್ದು. ಅಲ್ಲಿಯವರೆಗೆ ಅವರ ಪಿನ್ ನನಗೆ ಗೊತ್ತಿತ್ತು, ಅಕ್ಕನಿಗೆ, ಅವರ ತಮ್ಮನಿಗೆ, ಸಂಜೆ ಬರುವ ಹುಡುಗನಿಗೂ ಗೊತ್ತಿತ್ತು. ದನಿಯಿಂದ ನಡೆಸುವ ಫೋನಿನಲ್ಲಿ ಗುಟ್ಟಿನ ಅಂಕೆಯನ್ನೂ ಜೋರಾಗಿಯೇ ಹೇಳಬೇಕಲ್ಲ. ಹೆಬ್ಬೆಟ್ಟು ಬೇಕಾದಲ್ಲಿ ಅವರ ಬೆರಳನ್ನು ಬೇರೆಯವರೇ ಎತ್ತಿ ಒತ್ತಿಸುತ್ತಿದ್ದರು. ಹೊಸ ಪಿನ್ ಹಾಕುವಾಗ ಭಾವ ಕಡ್ಡಿಯನ್ನು ಬಾಯಿಂದ ಬಿಡದೆಯೇ, "ಆ ಕಡೆ ತಿರುಗಿ ನಿಲ್ಲು" ಎಂದು ನನಗೆ ಹೇಳಿದರು. ತಿರುಗಿ ನಿಂತೆ. ನಾಲ್ಕು ಸಲ ಟಕ್ ಎಂದಿತು. ಅಕ್ಕನಿಗೂ ಅದು ಇಂದಿಗೂ ಗೊತ್ತಿಲ್ಲ, ಆ ಬಗ್ಗೆ ಅವಳಿಗೆ ಸ್ವಲ್ಪ ಸಿಟ್ಟೂ ಇದೆ.

ಫೋನು ಅನಿವಾರ್ಯವಾಗುವ ಸಂದರ್ಭ ಬೇರೆಯೇ. ಎದೆಯ ನಡುಭಾಗದ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಅವರಿಗೆ ಅರಿವಿಗೆ ಬಾರದ ಯಾವುದೋ ತೊಂದರೆಗೆ ದೇಹ ಮಿತಿಮೀರಿ ಪ್ರತಿಕ್ರಿಯಿಸಿ ರಕ್ತದೊತ್ತಡ ಒಮ್ಮೆಲೇ ಏರುವುದುಂಟು. ಮೂತ್ರದ ಕೊಳವೆ ಮಡಚಿಕೊಂಡು ಚೀಲಕ್ಕೆ ಹರಿವು ನಿಂತರೂ ಸಾಕು. ಕಳೆದ ವರ್ಷ ಅಕ್ಕ ತೋಟದಲ್ಲಿದ್ದಾಗ ಹಾಗಾಯಿತು. ತಲೆ ಒಡೆದುಹೋಗುವಂಥ ನೋವು, ಹಣೆಯಲ್ಲಿ ಬೆವರು. ಹುಬ್ಬೇರಿಸಿ, ಹುಬ್ಬೇರಿಸಿ, ನಾಲ್ಕನೆಯ ಹೆಜ್ಜೆಗೆ ಅಕ್ಕನ ಹೆಸರು ಹಿಡಿದರು. ಅವಳು ಓಡಿ ಬಂದು ಅವರನ್ನು ನೆಟ್ಟಗೆ ಕೂರಿಸಿ, ತೊಡೆಯಡಿ ಸಿಕ್ಕಿದ್ದ ಕೊಳವೆಯನ್ನು ಬಿಡಿಸಿದಳು. ಹತ್ತು ನಿಮಿಷದಲ್ಲಿ ತಲೆನೋವು ಇಳಿಯಿತು. ಅಂದು ಫೋನು ಸರಿಯಾದ ಕೋನದಲ್ಲಿತ್ತು.

ಮಿದುಳಿಗೆ ಅಳವಡಿಸುವ ಯಂತ್ರಗಳ ವೀಡಿಯೊಗಳನ್ನು ನೆಂಟರು ವಾಟ್ಸಾಪಿನಲ್ಲಿ ಕಳಿಸುತ್ತಲೇ ಇರುತ್ತಾರೆ, "ಭಾವನಿಗೂ ಇದನ್ನು ಹಾಕಿಸಬಹುದಲ್ಲ" ಎಂಬ ಸಾಲಿನೊಂದಿಗೆ. 2004ರಲ್ಲಿ ಅಮೆರಿಕದ ಬ್ರೈನ್‌ಗೇಟ್ ತಂಡ ಮ್ಯಾಥ್ಯೂ ನೇಗಲ್ ಎಂಬವರ ಮಿದುಳಿನಲ್ಲಿ 96 ವಿದ್ಯುದ್ವಾರಗಳ ಪುಟ್ಟ ಬಿಲ್ಲೆಯನ್ನಿಟ್ಟು, ಯೋಚನೆಯಿಂದಲೇ ಪರದೆಯ ಬಾಣ ಚಲಿಸುವಂತೆ ಮಾಡಿತು. 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಪಾರ್ಶ್ವವಾಯುವಿಗೆ ತುತ್ತಾಗಿ ಸುಮಾರು 15 ವರ್ಷ ಕಳೆದಿದ್ದ ಮಹಿಳೆಯೊಬ್ಬರು ರೋಬೋ ತೋಳಿನಿಂದ ತಾವೇ ಕಾಫಿ ಕುಡಿದರು. 2021ರಲ್ಲಿ, ಕೈಯಿಂದ ಬರೆಯುತ್ತಿರುವಂತೆ ಮನಸ್ಸಿನಲ್ಲಿ ಊಹಿಸಿಕೊಂಡ ಒಬ್ಬರು ನಿಮಿಷಕ್ಕೆ 90 ಅಕ್ಷರಗಳ ವೇಗ ತಲುಪಿದರು. 2024ರ ಜನವರಿಯಲ್ಲಿ ನ್ಯೂರಾಲಿಂಕ್ ಕಂಪನಿ ತನ್ನ ಸಾಧನವನ್ನು ಮೊದಲ ಸಲ ಮನುಷ್ಯನೊಬ್ಬನಿಗೆ, ನೋಲ್ಯಾಂಡ್ ಆರ್ಬೋ ಎಂಬ ಯುವಕನಿಗೆ, ಅಳವಡಿಸಿತು. ಇವೆಲ್ಲ ಅದ್ಭುತವೇ, ಕಾಫಿ ಕುಡಿದ ಮೇಲೆ ಆ ಮಹಿಳೆಯ ಮುಖದಲ್ಲಿ ಮೂಡಿದ ನಗುವನ್ನು ನಾನು ಹಲವು ಸಲ ನೋಡಿದ್ದೇನೆ. ಆದರೆ ಅವು ಇಂದಿಗೂ ತಜ್ಞರ ತಂಡದ ನಡುವೆ ನಡೆಯುತ್ತಿರುವ ಪ್ರಯೋಗಗಳು. ಭಾವ ಆ ವೀಡಿಯೊಗಳನ್ನು ಪೂರ್ತಿ ನೋಡುತ್ತಾರೆ, ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ಕರೆಂಟು ಹೋದರೆ?"

ಕಳೆದ ತಿಂಗಳು ಮದುವೆಗೆಂದು ಅಕ್ಕ ಒಂದು ದಿನ ಶಿರಸಿಗೆ ಹೋಗಬೇಕಿತ್ತು. ಪಕ್ಕದ ಮನೆಯ ಹುಡುಗನಿಗೆ ಸ್ಟ್ಯಾಂಡಿನ ಕೋನ ಹೇಳಿಕೊಟ್ಟು ಹೇಳಿಕೊಟ್ಟು ಸಾಕಾಗಿ, ಕೊನೆಗೆ ಕವಳದ ಹರಿವಾಣದಿಂದ ಸುಣ್ಣ ತೆಗೆದು ಸ್ಟ್ಯಾಂಡಿನ ಎರಡು ಗಂಟುಗಳ ಮೇಲೆ ಒಂದೊಂದು ಚುಕ್ಕೆ ಇಟ್ಟಳು. ಮೇಲಿನ ಚುಕ್ಕೆಗೆ ಕೆಳಗಿನ ಚುಕ್ಕೆ ಎದುರಾದರೆ ಕೋನ ಸರಿ. ಹುಡುಗ ಒಂದೇ ಸಲಕ್ಕೆ ಕೂರಿಸಿದ. ಆ ಚುಕ್ಕೆಗಳು ವಾರಕ್ಕೊಮ್ಮೆ ಒರೆಸಿಹೋಗುತ್ತವೆ, ಅವಳು ಮತ್ತೆ ಇಡುತ್ತಾಳೆ. ಉಗುರಿನ ಬಣ್ಣ ತಂದುಕೊಡುತ್ತೇನೆಂದರೆ, ಸುಣ್ಣ ಹೇಗೂ ಕೈಯಲ್ಲೇ ಇರುತ್ತದಲ್ಲ ಎನ್ನುತ್ತಾಳೆ.

ನಿನ್ನೆ ರಾತ್ರಿ ಭಾವನ ಸಂದೇಶ ಬಂತು. ಕಡ್ಡಿಯಿಂದ ಒಂದೊಂದೇ ಅಕ್ಷರ ಒತ್ತಿ ಬರೆದದ್ದು, ಒತ್ತಕ್ಷರಗಳೆಲ್ಲ ಸರಿಯಾಗಿವೆ: "ಸ್ಟ್ಯಾಂಡಿನ ನಟ್ಟು ಸಡಿಲಾಗಿದೆ. ಬರುವಾಗ ಎರಡು ತಾ. ಒಂದು ಬೇಡ, ನಿನ್ನ ಅಕ್ಕ ಕಳೆಯುತ್ತಾಳೆ."